ಮಣ್ಣಿಗೆ ಹೆದರುತ್ತಿದ್ದ ಹುಡುಗ

(ಗುರುತು ಸಿಗಬಾರದೆಂದು ಹೆಸರು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಏಳು ವರ್ಷದ ಹುಡುಗ, ಎರಡನೇ ಕ್ಲಾಸು. ಪ್ರಣವ್ ಎನ್ನೋಣ. ಮನೆ ಮಂಗಳೂರಿನ ಒಂದು ಫ್ಲ್ಯಾಟ್. ಅಪ್ಪ ಗಲ್ಫ್‌ನಲ್ಲಿ, ಅಮ್ಮ ಬ್ಯಾಂಕಿನಲ್ಲಿ, ಜೊತೆಗೆ ಅಪ್ಪನ ತಾಯಿ. ಶಾಲೆ ಬಿಟ್ಟು ಬಂದರೆ ಮಲಗುವವರೆಗೂ ಟ್ಯಾಬ್, ಕಿತ್ತುಕೊಂಡರೆ ರಂಪ. ಕಾರ್ಕಳದ ಹತ್ತಿರ ಅಮ್ಮನ ತವರಿಗೆ ಹೋದರೆ ಅಂಗಳಕ್ಕೇ ಇಳಿಯುವುದಿಲ್ಲ. ಕಾಲಿಗೆ ಮಣ್ಣಾದರೆ ಅಳು.

"ಎಂತ ಮಾಡುವುದು ಮೇಡಂ? ರಜೆಯಲ್ಲಿ ನೇಚರ್ ಕ್ಯಾಂಪಿಗೂ ಹಾಕಿದೆ. ಮಧ್ಯಾಹ್ನಕ್ಕೇ ವಾಪಸ್ ಕರೆದುಕೊಂಡು ಬರಬೇಕಾಯಿತು" ಎಂದರು, ಅವನನ್ನು ನನ್ನ ಹತ್ತಿರ ಕರೆತಂದ ತಾಯಿ.

ಕೆಲವು ಮಕ್ಕಳಿಗೆ ಅಂಟು, ಒದ್ದೆ, ಒರಟು ಯಾವುದನ್ನೂ ಮುಟ್ಟಲು ಆಗುವುದಿಲ್ಲ. ಹಾಗಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ, ಆಟಗಳಿಗೆ ಮಕ್ಕಳನ್ನು ಪಳಗಿಸುವವರು) ಹತ್ತಿರ ಕಳಿಸಬೇಕು. ಆದರೆ ಇವನು ಕೈಯಲ್ಲೇ ಅನ್ನ ಕಲಸಿ ಉಣ್ಣುತ್ತಾನೆ, ಅಜ್ಜಿಯ ಚಪಾತಿ ಹಿಟ್ಟಿನಲ್ಲಿ ಆಡುತ್ತಾನೆ. ತೊಂದರೆ ಬೇರೆ ಕಡೆ ಇರಬೇಕು ಅನ್ನಿಸಿತು.

ನನ್ನ ಕೋಣೆಯಲ್ಲಿ ಒಂದು ಟ್ರೇಯಲ್ಲಿ ಕೆಂಪು ಮಣ್ಣು ಇಟ್ಟಿರುತ್ತೇನೆ. ಪ್ರಣವ್ ಕೈ ಚಾಚಿದ. ತಾಯಿಯ ಮುಖ ನೋಡಿದ. ಕೈ ಹಿಂದಕ್ಕೆ ತೆಗೆದ. ಅಷ್ಟರಲ್ಲಿ ತಾಯಿ ಬ್ಯಾಗಿನಿಂದ ಒದ್ದೆ ಟಿಶ್ಯೂ ತೆಗೆದಾಗಿತ್ತು. ಒಂದು ಮಾತೂ ಆಡಿರಲಿಲ್ಲ.

ಕೇಳಿದಾಗ ಕಾರಣ ಹೊರಬಂತು. ಹಿಂದೊಂದು ಮಳೆಗಾಲದಲ್ಲಿ ಹುಡುಗನಿಗೆ ಡೆಂಗಿ ಆಗಿ ಆಸ್ಪತ್ರೆಯಲ್ಲಿದ್ದ. ಅಂದಿನಿಂದ ತಾಯಿಗೆ ಹೊರಗಿನದೆಲ್ಲ ಅಪಾಯ. ಈ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಬಾರದು. ನಮ್ಮ ಊರಿನಲ್ಲಿ ಡೆಂಗಿ ಇದೆ. ಆದರೆ ಆ ಸೊಳ್ಳೆ ಮಣ್ಣಿನಲ್ಲಿ ಹುಟ್ಟುವುದಿಲ್ಲ, ನಿಂತ ನೀರಿನಲ್ಲಿ ಹುಟ್ಟುತ್ತದೆ. ಕುಂಡದ ಕೆಳಗಿನ ತಟ್ಟೆ, ಬಕೆಟ್, ತೆಂಗಿನ ಚಿಪ್ಪು. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ ತಟ್ಟೆ ಉಜ್ಜಿ ಎಂದೆ, ಆ ಕೆಲಸವನ್ನು ಪ್ರಣವ್‌ಗೇ ಕೊಡಿ ಎಂದೆ. ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಬೆಳಿಗ್ಗೆ ಮತ್ತು ಕತ್ತಲಾಗುವ ಮೊದಲು ಜಾಸ್ತಿ. ಆಡಲು ಬಿಡುವಾಗ ಉದ್ದ ತೋಳಿನ ಅಂಗಿ, ಸೊಳ್ಳೆ ಕ್ರೀಮು ಸಾಕು.

ತಾಯಿ ಲೆಕ್ಕ ಕೇಳುವವರು. ಮಗನಿಗೂ ಕನ್ನಡಕ ಬಂದೀತು ಎಂಬ ಚಿಂತೆ ಬೇರೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ಶಾಲೆಯಿದ್ದ ದಿನ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟು ನೋಡಿದ್ದರು. ಮೂರು ವರ್ಷದಲ್ಲಿ ಅವರಲ್ಲಿ ಸುಮಾರು 30% ಮಕ್ಕಳಿಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವುದು) ಬಂತು, ಹಾಗೆ ಜಾಸ್ತಿ ಹೊರಗೆ ಬಿಡದವರಲ್ಲಿ ಸುಮಾರು 40% ಮಕ್ಕಳಿಗೆ. 2015ರಲ್ಲಿ ಪ್ರಕಟವಾದ ಈ ಲೆಕ್ಕ ಹೇಳಿದ ಮೇಲೆ ಅವರು ಸ್ವಲ್ಪ ಸಡಿಲವಾದರು.

ಇನ್ನು ಗಿಡ. ಇದನ್ನು ಅಜ್ಜಿಗೆ ವಹಿಸಿದೆ. ಹಳೇ ಬಕೆಟ್ಟಿಗೆ ತೂತು ಮಾಡಿ, ಬಸಳೆ ಬಳ್ಳಿಯ ತುಂಡನ್ನು ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡುವುದು. ಬದಿಯಲ್ಲಿ ನಾಲ್ಕು ಅಲಸಂಡೆ ಬೀಜ. ಎರಡೂ ಬೇಗ ಚಿಗುರುತ್ತವೆ. ಈ ವಯಸ್ಸಿನವರಿಗೆ ಕಾಯುವ ತಾಳ್ಮೆ ಕಡಿಮೆ, ಅಲ್ವಾ? ತಾಯಿಗೆ ಒಂದೇ ಕೆಲಸ: ಅವನು ಮಣ್ಣಿನಲ್ಲಿರುವಾಗ "ಜಾಗ್ರತೆ", "ಕೈ ತೊಳಿ" ಎನ್ನದಿರುವುದು. ಕೈ ತೊಳೆಯುವುದು ಕೊನೆಗೆ, ಒಂದೇ ಸಲ, ಸೋಪು ಹಾಕಿ.

ಭಾನುವಾರ ತಣ್ಣೀರುಬಾವಿ ಬೀಚಿನ ಮರಳಿಗೋ ಪಿಲಿಕುಳ ನಿಸರ್ಗಧಾಮಕ್ಕೋ ಹೋಗಿ ಎಂದೆ. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಬಾರದು. ಹೋದಾಗ "ಇವತ್ತು ಎಂತ ಕಲಿತಿ?" ಎಂದು ಮಾತ್ರ ಕೇಳಬೇಡಿ. ಮರ, ಹಕ್ಕಿಯನ್ನೂ ನಾವು ಟ್ಯೂಷನ್ ಮಾಡಿಬಿಡುತ್ತೇವೆ. ಆ ಕ್ಯಾಂಪಿನಲ್ಲಿ ಮಕ್ಕಳು ಎಲೆ ಮುಟ್ಟುವ ಮೊದಲೇ ವರ್ಕ್‌ಶೀಟ್ ತುಂಬಬೇಕಿತ್ತಂತೆ. ನನಗೆ ಬೇಸರವಾಯಿತು.

ಎರಡು ತಿಂಗಳ ನಂತರ ಬಂದರು. ಬಸವನಹುಳ ಬಸಳೆ ತಿಂದಿದೆ ಎಂದು ಪ್ರಣವ್‌ಗೆ ಸಿಟ್ಟು. "ಅದಕ್ಕೆ ಹಲ್ಲು ಉಂಟಾ?" ಎಂದು ನನ್ನನ್ನೇ ಕೇಳಿದ. ಉಂಟು, ನಾಲಿಗೆಯ ಮೇಲೆ ಸಣ್ಣ ಸಣ್ಣ ಹಲ್ಲು ಸಾಲು ಸಾಲಾಗಿ ಇರುತ್ತವೆ ಎಂದೆ. ಅದನ್ನು ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಹೇಳಬೇಕಂತೆ.

ಟ್ಯಾಬ್ ಜಗಳ ಪೂರ್ತಿ ನಿಂತಿಲ್ಲ. ಬರಿಗಾಲಲ್ಲಿ ಅಂಗಳಕ್ಕೆ ಇನ್ನೂ ಇಳಿಯುವುದಿಲ್ಲ, ಚಪ್ಪಲಿ ಬೇಕು. ಒತ್ತಾಯ ಬೇಡ ಎಂದಿದ್ದೇನೆ. ಮುಂದಿನ ಸಲ ತಾಯಿ ಒಬ್ಬರೇ ಬರಲಿ ಎಂದೂ ಹೇಳಿದ್ದೇನೆ. ಆಸ್ಪತ್ರೆಯ ಆ ರಾತ್ರಿಗಳ ಬಗ್ಗೆ ಅವರು ಇದುವರೆಗೆ ಯಾರ ಹತ್ತಿರವೂ ಮಾತಾಡಿಲ್ಲ.