ಟ್ರ್ಯಾಕ್ಟರ್ ಶೆಡ್ಡು: ತಗಡಿನ ರೇಟ್ ಕೇಳುವ ಮೊದಲು ನೆಲ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಟ್ರ್ಯಾಕ್ಟರ್ ಶೆಡ್ಡಿನವೇ ಜಾಸ್ತಿ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕಷ್ಟೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮದು ನವಲಗುಂದ ತಾಲೂಕು, ಪೂರ್ತಿ ಎರೆ ಹೊಲ. 45 ಎಚ್‌ಪಿ ಟ್ರ್ಯಾಕ್ಟರ್, ಟ್ರ್ಯಾಲಿ, ರೋಟವೇಟರ್, ಕೂರಿಗೆ ಇವೆ. ಕಣದ ಪಕ್ಕ 12 ಅಡಿ ಅಗಲ, 18 ಅಡಿ ಉದ್ದದ ಶೆಡ್ಡು ಹಾಕಬೇಕು. ಎರಡು ಅಡಿ ಗುಂಡಿ ತೆಗೆದು ಕಂಬ ನಿಲ್ಲಿಸಿದರೆ ಸಾಕು ಅಂತ ವೆಲ್ಡಿಂಗ್‌ನವರು ಹೇಳುತ್ತಾರೆ. ಸಾಕಾ?

ಉತ್ತರ: ಸಾಕಾಗಲ್ಲ. ಮಸಾರಿ ನೆಲದಲ್ಲಾದರೆ ಹೇಗೋ ನಡೆಯುತ್ತಿತ್ತು, ಎರೆಯಲ್ಲಿ ನಡೆಯಲ್ಲ.

ಅಣ್ಣಿಗೇರಿ ಹತ್ತಿರ ನಮ್ಮ ಹೊಲದಲ್ಲಿ ಹೀಗೇ ಎರಡು ಅಡಿ ಗುಂಡಿಯಲ್ಲಿ ಕಂಬ ನಿಲ್ಲಿಸಿ, ಏಪ್ರಿಲ್ ಬಿಸಿಲಲ್ಲಿ ನೇರವಾಗಿ ಎರೆ ಮೇಲೆಯೇ ಕಾಂಕ್ರೀಟ್ ಹಾಕಿಸಿದ್ದೆವು. ಮೊದಲ ಮುಂಗಾರಿಗೆ ಏನೂ ಆಗಲಿಲ್ಲ. ಎರಡನೇ ವರ್ಷ ಬಾಗಿಲು ಹಿಡಿಯತೊಡಗಿತು, ಹಾರೆ ಹಾಕಿ ಮೀಟಿದರೆ ಮಾತ್ರ ತೆರೆಯುತ್ತಿತ್ತು. ನೋಡಿದರೆ ಬಲಗಡೆಯ ಎರಡು ಕಂಬ ಮೇಲೆದ್ದಿವೆ, ನೆಲ ನಟ್ಟನಡುವೆ ಉಬ್ಬಿ ಸೀಳಿದೆ. ಮುಂದಿನ ಮೇ ತಿಂಗಳಲ್ಲಿ ಶೆಡ್ಡಿನ ಪಕ್ಕದ ಬಿರುಕಿನೊಳಗೆ ನನ್ನ ಕೈ ಮೊಣಕೈವರೆಗೆ ಇಳಿಯಿತು. ಆ ಬಿರುಕು ನೋಡಿದ ಮೇಲೆ ಕಂಬದ ತಪ್ಪಲ್ಲ, ತಗಡಿನ ತಪ್ಪಲ್ಲ ಅನ್ನೋದು ಖಾತ್ರಿಯಾಯಿತು.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಪ್ರತಿ ವರ್ಷ ಇದೇ. ಮನೆಯಂಥ ಭಾರದ ಕಟ್ಟಡ ಸ್ವಲ್ಪವಾದರೂ ಒತ್ತಿ ಹಿಡಿಯುತ್ತದೆ, ತಗಡಿನ ಶೆಡ್ಡು ಹಗುರ, ಅದನ್ನು ಮಣ್ಣು ಸಲೀಸಾಗಿ ಎತ್ತಿಬಿಡುತ್ತದೆ. ಆದ್ದರಿಂದ ಮೊದಲು ಒಂದು ಮೂಲೆಯಲ್ಲಿ ಗುಂಡಿ ತೆಗೆಸಿ, ಗರಸು (ಕಲ್ಲುಮಿಶ್ರಿತ ಮಣ್ಣು) ಎಷ್ಟು ಕೆಳಗಿದೆ ನೋಡಿ. ಐದಾರು ಅಡಿಗೆ ಗಟ್ಟಿ ಗರಸು ಸಿಕ್ಕರೆ ಪ್ರತಿ ಕಂಬದ ಬುಡವನ್ನು ಅಲ್ಲಿಗೇ ಇಳಿಸಿ. ಹತ್ತು ಅಡಿ ಹೋದರೂ ಎರೆಯೇ ಬರುತ್ತಿದ್ದರೆ ಗಡ್ಡೆ ಪೈಲ್ ಬೇಕು. ಅಂದರೆ ಸುಮಾರು ಮೂರೂವರೆ ಮೀಟರ್ ಆಳದ ತೂತು ಕೊರೆದು, ಬುಡದ ಹತ್ತಿರ ಅದನ್ನು ಎರಡೂವರೆ ಪಟ್ಟು ಅಗಲ ಮಾಡಿ, ಸರಳು ಇಳಿಸಿ ಕಾಂಕ್ರೀಟ್ ತುಂಬೋದು. ಮಳೆ, ಬಿಸಿಲಿನ ಆಟ ಆ ಆಳಕ್ಕೆ ಅಷ್ಟಾಗಿ ಮುಟ್ಟಲ್ಲ, ಬುಡದ ಗಡ್ಡೆ ಕಂಬ ಮೇಲೇಳದಂತೆ ಹಿಡಿಯುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಕಪ್ಪುಮಣ್ಣಿಗಾಗಿಯೇ ಬೆಳೆಸಿದ ಪದ್ಧತಿ ಇದು. ಖರ್ಚು ಬರುತ್ತದೆ, ಇಲ್ಲ ಅನ್ನಲ್ಲ. ಹಾಗಂತ ತಗಡಿನಲ್ಲಿ ಉಳಿಸಿ, ಬಾಗಿಲಿನಲ್ಲಿ ಉಳಿಸಿ, ಇದರಲ್ಲಿ ಮಾತ್ರ ಉಳಿಸಬೇಡಿ. ಸರಳು ಎಷ್ಟು, ಪೈಲ್ ಎಷ್ಟು ಅನ್ನೋದನ್ನು ಒಬ್ಬ ಸಿವಿಲ್ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

ಇನ್ನು ನೆಲ. ಮೇಲಿನ ಎರಡು ಅಡಿ ಎರೆ ತೆಗೆದುಹಾಕಿ ಗರಸು ತುಂಬಿಸಿ. ಒಮ್ಮೆಲೇ ಸುರಿಸಬೇಡಿ. ಅರ್ಧ ಅಡಿ ಹಾಕೋದು, ನೀರು ಹೊಡೆಯೋದು, ರೋಲರ್ ಆಡಿಸೋದು, ಮತ್ತೆ ಅರ್ಧ ಅಡಿ. ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರ ಬರಲಿ. ಮರಳು ಮಾತ್ರ ತುಂಬಿಸಬೇಡಿ, ಅದು ನೀರು ಇಳಿಸಿಕೊಂಡು ಕೆಳಗಿನ ಎರೆಗೆ ಕುಡಿಸುತ್ತದೆ. ಕಾಂಕ್ರೀಟಿಗೂ ಅವಸರ ಬೇಡ. ಮೊದಲ ಮಳೆಗಾಲ ಟ್ರ್ಯಾಕ್ಟರ್ ಗರಸಿನ ಮೇಲೇ ನಿಲ್ಲಲಿ. ಎಲ್ಲಿ ಕುಸಿಯಬೇಕೋ ಅಲ್ಲಿ ಕುಸಿದು ನೆಲ ಕೂತ ಮೇಲೆ, ಜನವರಿ ಹೊತ್ತಿಗೆ ಐದಾರು ಇಂಚಿನ ಕಾಂಕ್ರೀಟ್ ಹಾಕಿಸಿ, ಹತ್ತು ಹತ್ತು ಅಡಿಗೆ ಜಾಯಿಂಟ್ ಬಿಡಿಸಿ. ಕಂಬಕ್ಕೂ ನೆಲಕ್ಕೂ ಅಂಟು ಇರಬಾರದು, ನಡುವೆ ಅರ್ಧ ಇಂಚು ಸಂದಿ ಇರಲಿ. ಶೆಡ್ಡಿನ ಸುತ್ತ ಮೂರು ಅಡಿ ಶಾಬಾದ್ ಕಲ್ಲನ್ನು ಹೊರಕ್ಕೆ ಇಳಿಜಾರಾಗಿ ಹಾಸಿ, ಬುಡಕ್ಕೆ ನೀರು ಹೋಗಬಾರದು ಅಷ್ಟೇ. ಪಕ್ಕದಲ್ಲಿ ಬೇವಿನ ಗಿಡ ನೆಡುವ ಆಸೆ ಎಲ್ಲರಿಗೂ ಇರುತ್ತದೆ, ನೆರಳು ಚೆಂದ ಅಲ್ವಾ? ಆದರೆ ದೂರ ನೆಡಿ. ಬೇರು ನೀರು ಎಳೆದಂತೆ ಆ ಕಡೆಯ ಎರೆ ಕುಗ್ಗುತ್ತದೆ, ಆ ಕಡೆಯ ಕಂಬ ಇಳಿಯುತ್ತದೆ.

ಅಳತೆಯೂ ಸಾಲದು. ಬರೀ ಟ್ರ್ಯಾಕ್ಟರೇ ಹನ್ನೊಂದು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಹಿಂದೆ ರೋಟವೇಟರ್ ಇದ್ದರೆ ಇನ್ನೂ ಮೂರ್ನಾಲ್ಕು ಅಡಿ, ಟ್ರ್ಯಾಲಿ ಜೋಡಿಸಿದ್ದರಂತೂ ಒಟ್ಟು 26 ಅಡಿ ಮೀರುತ್ತದೆ. 20 ಅಡಿ ಅಗಲ, 30 ಅಡಿ ಉದ್ದ ಹಿಡಿಯಿರಿ. ಒಂದು ಕಡೆ ಟ್ರ್ಯಾಕ್ಟರ್, ಟ್ರ್ಯಾಲಿ, ಇನ್ನೊಂದು ಕಡೆ ಕೂರಿಗೆ, ಕುಂಟೆ, ರಂಟೆ. ಬಾಗಿಲು ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರ. ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಕಣದಲ್ಲಿ ಬೂದಿಯಿಂದ ಗೆರೆ ಹಾಕಿ, ಮೂಲೆಗೆ ಕೋಲು ನೆಟ್ಟು, ಟ್ರ್ಯಾಲಿ ಸಮೇತ ಒಳಗೆ ಬಿಡಿ, ರಿವರ್ಸ್ ತೆಗೆಯಿರಿ. ಎಷ್ಟು ಕೋಲು ಬಿದ್ದವು ನೋಡಿ. ಒಂದು ತಾಸಿನ ಕೆಲಸ.

ಪ್ರಶ್ನೆ: ಮುಂಡರಗಿ ಕಡೆ ಗಾಳಿ ವಿಪರೀತ. ಪಕ್ಕದ ಹೊಲದವರ ಶೆಡ್ಡಿನ ತಗಡು ಹಾರಿ ಹೋಯಿತು. ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದಿಟ್ಟರೆ ಹೇಗೆ?

ಉತ್ತರ: ಯಾವ ಕಡೆ ತೆರೆಯುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ನಿಂತಿರೋದು ಸುಮ್ನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಡುವಣದಿಂದ, ನೈರುತ್ಯದಿಂದ ಬಿಡದೆ ಬೀಸುತ್ತದೆ. ಬಾಯಿ ಆ ಕಡೆ ಇದ್ದರೆ ಗಾಳಿ ಒಳಗೆ ನುಗ್ಗುತ್ತದೆ, ಹೊರಗೆ ಹೋಗಲು ದಾರಿ ಇಲ್ಲ, ಕೆಳಗಿನಿಂದ ತಗಡನ್ನು ತಳ್ಳುತ್ತದೆ. ಅದೇ ಹೊತ್ತಿಗೆ ಮೇಲೆ ಹಾಯುವ ಗಾಳಿ ತಗಡನ್ನು ಎಳೆಯುತ್ತಿರುತ್ತದೆ. ಎರಡೂ ಕೂಡಿದರೆ ತಗಡು ಹೋಯಿತು ಅಂತಲೇ ತಿಳಿಯಿರಿ. ಬಾಯಿ ಮೂಡಣಕ್ಕೆ ಇರಲಿ. ಹಿಂದಿನ ಗೋಡೆಯಲ್ಲೂ ಸೂರಿನ ಕೆಳಗೆ ಒಂದು ಅಡಿ ಜಾಗ ಬಿಟ್ಟು ಜಾಳಿಗೆ ಹಾಕಿ. ಒಳಗೆ ನುಗ್ಗಿದ ಗಾಳಿಯೂ ಹೋಗುತ್ತದೆ, ಎಂಜಿನ್ ಚಾಲೂ ಮಾಡಿದಾಗಿನ ಹೊಗೆಯೂ ಹೋಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಆ ಹೊಗೆ ಪ್ರಾಣಕ್ಕೇ ಅಪಾಯ.

ಆದರೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಗಾಳಿಗೆ ದಿಕ್ಕಿಲ್ಲ, ಅದಕ್ಕೆ ಕಟ್ಟುವುದೇ ಬಿಗಿಯಾಗಿರಬೇಕು. ಸ್ಕ್ರೂ ತಗಡಿನ ಏರಿನ ಮೇಲೆ ಬರಬೇಕು, ತಗ್ಗಿನಲ್ಲಿ ಹೊಡೆದರೆ ಅಲ್ಲಿ ನೀರು ನಿಂತು ಸೋರುತ್ತದೆ. ರಬ್ಬರ್ ವಾಷರ್ ಒಡೆಯುವಷ್ಟು ಬಿಗಿಯಬಾರದು. ತಗಡು ಏಳೋದು ಯಾವಾಗಲೂ ಅಂಚಿನಿಂದ, ಮೂಲೆಯಿಂದ. ಹಾಗಾಗಿ ಸುತ್ತ ಅಂಚಿಗೆ ಎರಡು ಪಟ್ಟು ಸ್ಕ್ರೂ ಹಾಕಿಸಿ. ತಗಡು 0.5 ಮಿಲಿಮೀಟರ್‌ಗಿಂತ ತೆಳು ಬೇಡ. ಕಂಬಗಳ ನಡುವೆ ಗುಣಾಕಾರದ ಪಟ್ಟಿ ಕನಿಷ್ಠ ಎರಡು ಕೊನೆಯ ಅಂಕಣಕ್ಕಾದರೂ ಇರಲೇಬೇಕು. ಮುಂದೆ ನಿಂತು ವೆಲ್ಡಿಂಗ್ ನೋಡಿ. ಸುಮ್ನೆ ಎರಡು ಚುಕ್ಕೆ ಇಟ್ಟು ಮುಂದೆ ಹೋಗುವವರಿದ್ದಾರೆ. ಸುತ್ತ ಪೂರ್ತಿ ಬೆಸುಗೆ ಹಾಕಿಸಿ, ಆಮೇಲೆ ರೆಡ್ ಆಕ್ಸೈಡ್.

ಪ್ರಶ್ನೆ: ಸ್ವಂತ ಹೊಲದಲ್ಲಿ ಶೆಡ್ಡು ಹಾಕಲು ಎನ್ಎ (ಹೊಲವನ್ನು ಬೇಸಾಯೇತರ ಬಳಕೆಗೆ ಬದಲಿಸುವ ಪರವಾನಗಿ) ಮಾಡಿಸಬೇಕಾ? (ಕುಂದಗೋಳ)

ಉತ್ತರ: ಬೇಸಾಯದ ಕೆಲಸಕ್ಕೇ ಆದರೆ ಬೇಡ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಹೊಲದ ಒಡೆಯರಿಗೆ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳುವ ಹಕ್ಕು ಕೊಟ್ಟಿದೆ. ಅದೇ ಶೆಡ್ಡನ್ನು ಗ್ಯಾರೇಜಿಗೋ ಗೋದಾಮಿಗೋ ಬಾಡಿಗೆ ಕೊಟ್ಟರೆ ಮಾತು ಬೇರೆ. ಊರೊಳಗಿನ ಜಾಗವಾದರೆ ಪಂಚಾಯಿತಿಯಲ್ಲಿ ಕೇಳಿ. ಇನ್ನೊಂದು, ಕರೆಂಟ್ ಲೈನಿನ ಕೆಳಗೆ ಕಟ್ಟಲೇಬೇಡಿ. ಪಕ್ಕದಲ್ಲೇ ಲೈನ್ ಹಾದಿದ್ದರೆ ಹೆಸ್ಕಾಂನವರಿಗೆ ತೋರಿಸಿ ಮುಂದುವರಿಯಿರಿ.

ಪ್ರಶ್ನೆ: ರೋಣ ತಾಲೂಕಿನವರು. ಶೆಡ್ಡಿನಲ್ಲೇ ಅಟ್ಟ ಮಾಡಿ ಕಣಕಿ, ಹೊಟ್ಟು ಇಡಬಹುದೇ? ಇಲಿ ವೈರ್ ಕಡಿಯುತ್ತಿವೆ, ಅದಕ್ಕೂ ಉಪಾಯ ಹೇಳಿ.

ಉತ್ತರ: ಎರಡೂ ಒಂದೇ ಪ್ರಶ್ನೆ. ಕಣಕಿ, ಹೊಟ್ಟು, ಕಾಳಿನ ಚೀಲ ಇದ್ದಲ್ಲಿ ಇಲಿ ಬರುತ್ತದೆ, ಬಂದದ್ದು ವೈರ್ ಕಡಿಯುತ್ತದೆ. ಅದಕ್ಕಿಂತ ದೊಡ್ಡ ಭಯ ಬೆಂಕಿಯದು. ಹೊಲದಿಂದ ಬಂದ ಟ್ರ್ಯಾಕ್ಟರಿನ ಸೈಲೆನ್ಸರ್ ಕೆಂಡದಂತೆ ಕಾದಿರುತ್ತದೆ, ಡೀಸೆಲ್ ಪಕ್ಕದಲ್ಲೇ, ಮೇಲೆ ಒಣ ಕಣಕಿ. ದಯವಿಟ್ಟು ಬೇಡ. ಬಣವೆ ದೂರ ಇರಲಿ, ಡೀಸೆಲ್ ಕ್ಯಾನೂ ಶೆಡ್ಡಿನಾಚೆ ಇರಲಿ, ಬಾಗಿಲ ಹತ್ತಿರ ಎರಡು ಬಕೆಟ್ ಮರಳು ಇಡಿ.

ಇಲಿಗೆ ಬಾಗಿಲ ಕೆಳಗಿನ ಸಂದಿಯೇ ಹೆದ್ದಾರಿ. ಅರ್ಧ ಇಂಚು ಜಾಗ ಇದ್ದರೂ ನುಸುಳುತ್ತದೆ, ತಗಡಿನ ಪಟ್ಟಿ ಹೊಡೆಸಿ ಮುಚ್ಚಿ. ರೋಟವೇಟರಿಗೆ ಮೆತ್ತಿದ ಎರೆ ಹಸಿ ಇದ್ದಾಗಲೇ ಕೆರೆದು ತೊಳೆದು ಇಡಿ. ಎರೆ ನೀರು ಬೇಗ ಬಿಡಲ್ಲ, ಅದರ ಕೆಳಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತಿಂಗಳುಗಟ್ಟಲೆ ಟ್ರ್ಯಾಕ್ಟರ್ ಓಡಿಸದಿದ್ದರೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ.

ಪ್ರಶ್ನೆ: ಶೆಡ್ಡಿನ ಮೇಲಿನ ನೀರು ಹಿಡಿದರೆ ಲಾಭ ಇದೆಯಾ? (ಬ್ಯಾಡಗಿ)

ಉತ್ತರ: ಖಂಡಿತ ಇದೆ. 20 ಅಡಿಗೆ 30 ಅಡಿ ತಗಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಹತ್ತಿರ ಹತ್ತಿರ 1,400 ಲೀಟರ್ ನೀರು. ಹಿಡಿಯದಿದ್ದರೆ ಅಷ್ಟೂ ನೀರು ಕಂಬದ ಬುಡಕ್ಕೇ ಸುರಿಯುತ್ತದೆ. ಎರಡೂ ಸೂರಿಗೆ ದೋಣಿ ಹಾಕಿಸಿ, ಪೈಪಿನಲ್ಲಿ ಇಳಿಸಿ ಡ್ರಮ್ಮಿಗೋ ತೊಟ್ಟಿಗೋ ಬಿಡಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲಿ. ಔಷಧ ಹೊಡೆಯಲು, ಟ್ರ್ಯಾಕ್ಟರ್ ತೊಳೆಯಲು ಈ ನೀರು ಸಾಕು. ತೊಟ್ಟಿ ತುಂಬಿ ಹರಿಯುವ ನೀರನ್ನು ಮಾತ್ರ ಶೆಡ್ಡಿನಿಂದ ಹದಿನೈದಿಪ್ಪತ್ತು ಅಡಿ ಆಚೆ ಹರಿಸಿ.