ಕೋರ್ಟ್ ನೇಮಿಸಿದ ಆಡಳಿತಗಾರ ಲೆಕ್ಕ ಕೊಡದಿದ್ದರೆ

ಪ್ರಶ್ನೆ: ತಂದೆ ಉಯಿಲು ಬರೆಯದೆ ತೀರಿಕೊಂಡರು. ಜಿಲ್ಲಾ ನ್ಯಾಯಾಲಯ ಅಣ್ಣನಿಗೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ (ಆಸ್ತಿ ನೋಡಿಕೊಳ್ಳುವ ಆಡಳಿತಗಾರನನ್ನಾಗಿ ನೇಮಿಸುವ ಪತ್ರ) ಕೊಟ್ಟು ಎರಡು ವರ್ಷವಾಯಿತು. ಬಾಡಿಗೆಯೆಲ್ಲ ಅವನ ಕೈಗೇ ಹೋಗುತ್ತಿದೆ, ಲೆಕ್ಕ ಕೇಳಿದರೆ ಬೈಯುತ್ತಾನೆ. ಮೋಸದ ಕೇಸು ಹಾಕಬಹುದೇ?

ಉತ್ತರ: ನನಗೆ ಬರುವ ಇಂಥ ಪ್ರಶ್ನೆಗಳೆಲ್ಲ ‘ಮೋಸ’ದಿಂದಲೇ ಶುರುವಾಗುತ್ತವೆ. ಆ ಪದವನ್ನು ಅರ್ಜಿಯಲ್ಲಿ ಹತ್ತು ಸಲ ಬರೆದ ಮಾತ್ರಕ್ಕೆ ಕೇಸು ಗಟ್ಟಿಯಾಗದು. ಯಾವ ದಿನ, ಯಾವ ಸುಳ್ಳು, ಯಾವ ಕಾಗದದಲ್ಲಿ ಎಂದು ವಿವರ ಕೊಡಲೇಬೇಕು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 4. ಮೋಸಕ್ಕಿಂತ ಸುಲಭವಾಗಿ ಸಾಬೀತಾಗುವ ಆಧಾರ ನಿಮ್ಮ ಕೈಯಲ್ಲೇ ಇದೆ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ ಕಲಂ 317ರ ಪ್ರಕಾರ ಆಡಳಿತಗಾರ 6 ತಿಂಗಳೊಳಗೆ ಆಸ್ತಿ-ಸಾಲಗಳ ಪಟ್ಟಿಯನ್ನೂ 1 ವರ್ಷದೊಳಗೆ ಲೆಕ್ಕವನ್ನೂ ಅದೇ ಕೋರ್ಟಿಗೆ ಸಲ್ಲಿಸಬೇಕು. ಕೋರ್ಟ್ ಕಾಲಾವಕಾಶ ಹೆಚ್ಚಿಸಿರದಿದ್ದರೆ ನಿಮ್ಮಣ್ಣನಿಗೆ ಎರಡೂ ಗಡುವು ಮುಗಿದಿವೆ.

ಮೊದಲು ಕೋರ್ಟಿನ ನಕಲು ಶಾಖೆಗೆ ಹೋಗಿ. ಮೂಲ ಅರ್ಜಿ, ಆಸ್ತಿ ಷೆಡ್ಯೂಲ್, ವಾರಸುದಾರರಿಗೆ ನೋಟಿಸ್ ಜಾರಿಯಾದ ವರದಿ, ಬಾಂಡ್ (ಆಸ್ತಿಯನ್ನು ಸರಿಯಾಗಿ ನಿರ್ವಹಿಸುವೆನೆಂಬ ಮುಚ್ಚಳಿಕೆ), ಪೂರ್ತಿ ಆರ್ಡರ್ ಶೀಟ್ (ದಿನದಿನದ ಆದೇಶಗಳ ಹಾಳೆ), ಸಲ್ಲಿಸಿದ್ದರೆ ಪಟ್ಟಿ ಮತ್ತು ಲೆಕ್ಕ, ಇಷ್ಟಕ್ಕೂ ದೃಢೀಕೃತ ನಕಲು ತೆಗೆಸಿ. ಇದನ್ನು ಬಿಟ್ಟು ಸೀದಾ ಅರ್ಜಿ ಬರೆಸಲು ಓಡುವವರೇ ಹೆಚ್ಚು, ಎಡವುವುದೂ ಅಲ್ಲೇ. ಲೆಕ್ಕವಿದ್ದರೆ ಸಾಲು ಸಾಲಾಗಿ ಹೋಲಿಸಿ. ಮನೆಗೆ ತಿಂಗಳಿಗೆ 18,000 ರೂಪಾಯಿ ಬಾಡಿಗೆ ಬರುತ್ತಿದ್ದರೆ ವರ್ಷದ ಜಮೆಯಲ್ಲಿ 2,16,000 ಕಾಣಬೇಕು. ಕಂಡಿದ್ದು 90,000 ಎಂದರೆ ಬಾಡಿಗೆ ಕರಾರನ್ನು ಪಕ್ಕದಲ್ಲಿಡಿ, ಕೋರ್ಟ್ ನೋಡುವುದು ಅದನ್ನೇ. ನೋಟಿಸ್ ವರದಿಯಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೆ, ಇದ್ದೂ ವಿಳಾಸ ಸುಳ್ಳಾಗಿದ್ದರೆ, ಅದು ಪತ್ರದ ರದ್ದತಿಗೆ ಪ್ರತ್ಯೇಕ ಆಧಾರವಾಗುತ್ತದೆ.

ಆಮೇಲೆ ಪಟ್ಟಿ, ಲೆಕ್ಕ ಸಲ್ಲಿಸಲು ಅಣ್ಣನಿಗೆ ಆದೇಶಿಸಿ ಎಂದು ಅದೇ ಕೋರ್ಟನ್ನು ಕೇಳಿ. ಈ ಮೆಟ್ಟಿಲು ಹಾರಬೇಡಿ. ಕಲಂ 263ರಡಿ ಅಣ್ಣನ ಪತ್ರದ ರದ್ದತಿಗೆ ‘ಉದ್ದೇಶಪೂರ್ವಕವಾಗಿ, ಸಕಾರಣವಿಲ್ಲದೆ’ ಲೆಕ್ಕ ತಪ್ಪಿಸಿರಬೇಕು. ಬರೀ ತಡವಾಗಿದೆ ಎಂದರೆ ‘ಮರೆತಿದ್ದೆ ಸ್ವಾಮಿ’ ಎಂದು ಪಾರಾಗಬಹುದು. ಕೋರ್ಟ್ ಹೇಳಿದ ಮೇಲೂ ಕೊಡದಿದ್ದರೆ ಆ ಮಾತು ನಡೆಯದು. ರದ್ದತಿ ಅರ್ಜಿಯನ್ನೂ ಪತ್ರ ಕೊಟ್ಟ ಕೋರ್ಟಿನಲ್ಲೇ, ಎಲ್ಲ ವಾರಸುದಾರರನ್ನೂ ಎದುರುದಾರರನ್ನಾಗಿ ಸೇರಿಸಿ ಹಾಕಬೇಕು. ಒಬ್ಬ ತಂಗಿಯನ್ನು ಬಿಟ್ಟರೂ ಆಕ್ಷೇಪಣೆ ಬರುತ್ತದೆ. ಜೊತೆಗೇ ಮಾರಾಟಕ್ಕೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಕೋರ್ಟ್ ಅನುಮತಿಯಿಲ್ಲದೆ ಆಡಳಿತಗಾರ ಸ್ಥಿರಾಸ್ತಿ ಮಾರಿದರೆ ಕಲಂ 307ರಂತೆ ಅದು ತಾನಾಗಿ ಬಿದ್ದುಹೋಗುವುದಿಲ್ಲ, ನೀವೇ ಹೋಗಿ ರದ್ದು ಮಾಡಿಸಬೇಕು. ಎದುರಾಳಿ ತಕರಾರು ಎತ್ತಿದ ಕೂಡಲೇ ವಿಚಾರಣೆ ದಾವೆಯ ರೂಪಕ್ಕೆ ತಿರುಗಿ ಸಾಕ್ಷಿ, ಪಾಟೀಸವಾಲು ಎಲ್ಲ ನಡೆಯುತ್ತದೆ. ತಿಂಗಳಲ್ಲಿ ಮುಗಿಯುವ ಕೆಲಸವಲ್ಲ.

ರದ್ದತಿ ಅರ್ಜಿಗೂ ಸುಪ್ರೀಂ ಕೋರ್ಟ್ ಪರಿಮಿತಿ ಕಾಯ್ದೆಯ 137ನೇ ವಿಧಿಯ 3 ವರ್ಷದ ಮಿತಿಯನ್ನೇ ಅನ್ವಯಿಸಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ‘ಹಬ್ಬಕ್ಕೆ ಬಂದಾಗ ಮಾತಾಡೋಣ’ ಎಂದು ಇನ್ನೊಂದು ವರ್ಷ ಕಳೆಯಬೇಡಿ. ಅಣ್ಣನ ಜಾಗಕ್ಕೆ ಯಾರು ಎಂಬುದನ್ನೂ ಈಗಲೇ ತೀರ್ಮಾನಿಸಿ. ಅವರು ಹೊಸ ಅರ್ಜಿ ಹಾಕಿ ಬಾಂಡ್ ಬರೆದುಕೊಡಬೇಕಾಗುತ್ತದೆ.

ಪ್ರಶ್ನೆ: ಪತ್ರ ಹಾಗೇ ಇರಲಿ, ವ್ಯಕ್ತಿಯನ್ನು ಮಾತ್ರ ತೆಗೆಯಿರಿ ಎಂದು ಜಿಲ್ಲಾ ಕೋರ್ಟಿನಲ್ಲಿ ಕೇಳಬಹುದೇ?

ಉತ್ತರ: ಇಲ್ಲ. ಕಲಂ 301ರ ಆ ಅಧಿಕಾರ ಹೈಕೋರ್ಟಿನದು.

ಪ್ರಶ್ನೆ: ಖಾತೆ ಚಿಕ್ಕಪ್ಪನ ಹೆಸರಿಗಾಗಿದೆ. ಆಡಳಿತಗಾರ ಸ್ಥಾನದಿಂದ ತೆಗೆಸುವುದು ಹೇಗೆ?

ಉತ್ತರ: ಕೋರ್ಟ್ ನೇಮಿಸದೆ ಯಾರೂ ಆಡಳಿತಗಾರರಲ್ಲ. ಖಾತೆಯಿಂದ ಹಕ್ಕು ಹುಟ್ಟುವುದಿಲ್ಲ. ನಿಮಗೆ ಪಾಲಿದ್ದರೆ ವಿಭಾಗ ದಾವೆ ಹಾಕಿ.

ಪ್ರಶ್ನೆ: ಪತ್ರ ಮಂಜೂರಾಗಿದೆ. ಈಗ ಕೇವಿಯಟ್ (ನನ್ನನ್ನು ಕೇಳದೆ ಪತ್ರ ಕೊಡಬೇಡಿ ಎಂಬ ಅರ್ಜಿ) ಹಾಕಿದರೆ ಸಾಕೇ?

ಉತ್ತರ: ಕೇವಿಯಟ್ ಇರುವುದು ಮಂಜೂರಾತಿಗೆ ಮುಂಚೆ. ಈಗ ದುಡ್ಡು ದಂಡ.

ಪ್ರಶ್ನೆ: ಕೋರ್ಟಿನ ಹೊರಗೆ ಸಿಕ್ಕವರೊಬ್ಬರು 40,000 ಕೊಟ್ಟರೆ ಒಂದೇ ತಿಂಗಳಲ್ಲಿ ರದ್ದು ಮಾಡಿಸಿಕೊಡುತ್ತಾರಂತೆ. ಕೊಡಲೇ?

ಉತ್ತರ: ಖಂಡಿತ ಕೊಡಬೇಡಿ. ವಕಾಲತ್ತಿಗೆ ಸಹಿ ಹಾಕದ ಮನುಷ್ಯನಿಗೆ ಒಂದು ರೂಪಾಯಿಯನ್ನೂ, ಒಂದು ಮೂಲ ದಾಖಲೆಯನ್ನೂ ಕೊಡಕೂಡದು. ಕಾಗದ ಈಗಾಗಲೇ ಕೊಟ್ಟಿದ್ದರೆ ಇವತ್ತೇ ವಾಪಸ್ ತನ್ನಿ.