ಹ್ಯೂಗೆನಾಟ್ ಮೂಲ ಹುಡುಕಲು ಅಡ್ಡಹೆಸರು ಸಾಲದು

ನಮಸ್ಕಾರ ಮೇಡಂ. ನಿಮ್ಮ ಯಜಮಾನರ ಅಜ್ಜಿ ಕಡೆಯವರು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ರೇಷ್ಮೆ ನೇಯುತ್ತಿದ್ದರು, ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನಾಟರು (ಫ್ರೆಂಚ್ ಪ್ರೊಟೆಸ್ಟಂಟ್ ಕ್ರೈಸ್ತರು) ಅಂತ ಮನೆಯಲ್ಲಿ ಮಾತಿದೆ, ಎಲ್ಲಿಂದ ಹುಡುಕಲಿ ಅಂತ ಕೇಳಿದ್ದೀರಿ. ದಯವಿಟ್ಟು ಫ್ರಾನ್ಸಿನಿಂದ ಶುರು ಮಾಡಬೇಡಿ. ಅಜ್ಜಿಯಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ.

ಇಂಗ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾಗಿದ್ದು 1837ರ ಜುಲೈನಲ್ಲಿ. ಅಲ್ಲಿಯವರೆಗೆ ಸರ್ಟಿಫಿಕೇಟು, ಜನಗಣತಿ ಸಾಕು. 1851ರ ಜನಗಣತಿಯನ್ನು ಮಾತ್ರ ಬಿಡಬೇಡಿ, ಅದರಲ್ಲಿ ಹುಟ್ಟಿದ ಊರು ಇರುತ್ತದೆ.

ಅದಕ್ಕೂ ಹಿಂದಿನದಕ್ಕೆ ಚರ್ಚಿನ ರಿಜಿಸ್ಟರೇ ಗತಿ. ಥ್ರೆಡ್‌ನೀಡಲ್ ಸ್ಟ್ರೀಟಿನ ಫ್ರೆಂಚ್ ಚರ್ಚನ್ನು, ಅಂದರೆ ಲಂಡನ್ನಿನ ಹ್ಯೂಗೆನಾಟರ ಚರ್ಚನ್ನು, ಮೊದಲು ನೋಡಿ. ಅದರ ರಿಜಿಸ್ಟರುಗಳನ್ನು ಹ್ಯೂಗೆನಾಟ್ ಸೊಸೈಟಿ ಅಚ್ಚು ಹಾಕಿಸಿದೆ. ಮೂಲ ಪುಸ್ತಕಗಳು ಲಂಡನ್ನಿನ ಕ್ಯೂ ಅನ್ನುವ ಜಾಗದಲ್ಲಿರುವ ಸರ್ಕಾರಿ ದಾಖಲೆಗಳ ಸಂಗ್ರಹ ನ್ಯಾಷನಲ್ ಆರ್ಕೈವ್ಸ್‌ನ ಆರ್‌ಜಿ 4 ಸರಣಿಯಲ್ಲಿವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇರುವುದು ಈ ಫ್ರೆಂಚ್ ಚರ್ಚಿನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಾಖಲೆಗಳ ಮೇಲೆ. ಮಗುವಿನ ಹೆಸರು, ತಂದೆಯ ಹೆಸರು, ತವರಿನ ಅಡ್ಡಹೆಸರಿನ ಸಮೇತ ತಾಯಿಯ ಹೆಸರು, ಕೆಳಗೆ ಗಾಡ್‌ಫಾದರ್, ಗಾಡ್‌ಮದರ್ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವವರು). ಆ ಕಾಲದ ಇಂಗ್ಲಿಷ್ ಪ್ಯಾರಿಷ್ (ಸ್ಥಳೀಯ ಚರ್ಚಿನ) ರಿಜಿಸ್ಟರಿನಲ್ಲಿ ಸಾಮಾನ್ಯವಾಗಿ ತಾಯಿ ಬರೀ 'ಮೇರಿ'. ಇಲ್ಲಿ ಆಕೆ ಯಾರ ಮನೆ ಮಗಳು ಅಂತಲೂ ಗೊತ್ತಾಗುತ್ತದೆ. ಗಾಡ್‌ಫಾದರ್, ಗಾಡ್‌ಮದರ್ ಆಗಿ ನಿಂತವರು ಎಷ್ಟೋ ಸಲ ಚಿಕ್ಕಪ್ಪ, ಸೋದರತ್ತೆ, ಇಲ್ಲವೇ ಅದೇ ಊರಿನಿಂದ ಬಂದ ಪರಿಚಯದವರು. ಅದಕ್ಕೇ ಒಂದು ಮಗುವಿನದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಅಣ್ಣತಮ್ಮ ಅಕ್ಕತಂಗಿಯರ ದಾಖಲೆಯೆಲ್ಲ ತೆಗೆಯಿರಿ. ಯಾವ ಹೆಸರು ಮತ್ತೆ ಮತ್ತೆ ಬರುತ್ತದೋ ಆ ಮನೆತನವನ್ನೂ ಹಿಂಬಾಲಿಸಿ.

ಅಡ್ಡಹೆಸರು ಒಂದನ್ನೇ ನೆಚ್ಚಿಕೊಳ್ಳಬೇಡಿ. ಡುಬ್ವಾ ಅನ್ನುವವರು ಅದೇ ಅರ್ಥದ ಇಂಗ್ಲಿಷ್ ಹೆಸರು ಹಿಡಿದು ವುಡ್ ಆಗಿದ್ದಾರೆ. ಇನ್ನೊಂದು ಕಡೆ, ಫ್ರೆಂಚ್ ಥರ ಕೇಳಿಸುವ ಎಷ್ಟೋ ಹೆಸರುಗಳು 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದಿಂದಲೇ ಇಂಗ್ಲೆಂಡಿನಲ್ಲಿವೆ.

1754ರ ನಂತರದ ಮದುವೆಗಳನ್ನು ಫ್ರೆಂಚ್ ಚರ್ಚಿನಲ್ಲಿ ಹುಡುಕಿದರೆ ಸುಮ್ನೆ ಸಮಯ ದಂಡ. ಹೊಸ ಕಾನೂನಿನಿಂದಾಗಿ ಮದುವೆ ಆಂಗ್ಲಿಕನ್ ಚರ್ಚಿನಲ್ಲೇ (ಇಂಗ್ಲೆಂಡಿನ ಅಧಿಕೃತ ಚರ್ಚಿನಲ್ಲೇ) ಆಗಬೇಕಿತ್ತು. ಸ್ಪಿಟಲ್‌ಫೀಲ್ಡ್ಸ್‌ನ ಕ್ರೈಸ್ಟ್ ಚರ್ಚ್, ಬೆತ್ನಲ್ ಗ್ರೀನ್‌ನ ಸೇಂಟ್ ಮ್ಯಾಥ್ಯೂ ನೋಡಿ. 1752ಕ್ಕಿಂತ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1720ರ ಫೆಬ್ರವರಿ ಅಂತ ಇದ್ದರೆ ಅದು ನಮ್ಮ ಲೆಕ್ಕದ 1721 ಇರಬಹುದು. ಬರೆದಿಟ್ಟುಕೊಳ್ಳುವಾಗ ಎರಡೂ ವರ್ಷ ಹಾಕಿ.

ಈಗ ಫ್ರಾನ್ಸಿನ ವಿಷಯ. 1685ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ, ಪ್ರೊಟೆಸ್ಟಂಟರಿಗೆ ಧರ್ಮಾಚರಣೆಯ ಹಕ್ಕು ಕೊಟ್ಟಿದ್ದ ನಾಂಟ್ ಶಾಸನ ರದ್ದು ಮಾಡಿದ ಮೇಲೆ ಜನ ಗುಂಪುಗುಂಪಾಗಿ ಬಂದರು. ಹೊಸ ಚರ್ಚಿಗೆ ಸೇರುವಾಗ ಹಿಂದಿನ ಚರ್ಚಿನಿಂದ ತಂದ ಸಾಕ್ಷಿಪತ್ರ ತೋರಿಸಬೇಕಿತ್ತು. ಇದನ್ನು 'ತೆಮ್ವಾನ್ಯಾಜ್' ಅನ್ನುತ್ತಾರೆ. ಥ್ರೆಡ್‌ನೀಡಲ್ ಸ್ಟ್ರೀಟಿನ 1669ರಿಂದ 1789ರವರೆಗಿನ ಈ ಪತ್ರಗಳ ಪಟ್ಟಿಯೂ ಅಚ್ಚಾಗಿದೆ. ಬಂದವರು ಯಾವ ಊರಿನವರು ಅಂತ ಅದರಲ್ಲಿ ಸಿಗುವ ಸಾಧ್ಯತೆ ಇದೆ. ಊರು ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ. ಫ್ರಾನ್ಸಿನ ಜಿಲ್ಲಾ ಪತ್ರಾಗಾರಗಳು ಹಳೆಯ ರಿಜಿಸ್ಟರುಗಳ ಫೋಟೊಗಳನ್ನು ಆನ್‌ಲೈನಿನಲ್ಲಿ ಹಾಕಿವೆ. ಊರಿನಲ್ಲೇ ಉಳಿದ ನೆಂಟರನ್ನು 1685ರ ನಂತರ ಕ್ಯಾಥೊಲಿಕ್ ರಿಜಿಸ್ಟರಿನಲ್ಲೂ ಹುಡುಕಿ. 1787ರವರೆಗೆ ಅವರ ಮದುವೆಗೆ ಬೇರೆ ಕಾನೂನುಬದ್ಧ ದಾರಿ ಇರಲಿಲ್ಲ.

ಅಜ್ಜಿಯ ತಾಯಿಯ ತವರಿನ ಅಡ್ಡಹೆಸರು, ಗೊತ್ತಿರುವ ಅತಿ ಹಳೆಯ ಇಸವಿ ಎರಡನ್ನೂ ಇಲ್ಲೇ ಹಾಕಿ. ಹ್ಯೂಗೆನಾಟ್ ಸೊಸೈಟಿ ಅಚ್ಚು ಹಾಕಿಸಿದ ಯಾವ ಸಂಪುಟ ತೆರೆಯಬೇಕು ಅಂತ ನೋಡಿ ಹೇಳುತ್ತೇನೆ.